ಸುಂಟರಗಾಳಿಯೊಳಗೆ ಯಾರಿದ್ದಾರೆ

ಸಿಂದಗಿಯ ನಮ್ಮ ಓಣಿಯಲ್ಲಿ ಸುಂಟರಗಾಳಿ ಎದ್ದಿತೆಂದರೆ ಹೆಂಗಸರು ಮೊದಲು ಕಾಲಲ್ಲಿದ್ದ ಚಪ್ಪಲಿ ತೆಗೆದು ಅದರತ್ತ ಬೀಸಿ ಒಗೆಯುತ್ತಿದ್ದರು. ಚಪ್ಪಲಿ ಇಲ್ಲದವರು ಥೂ ಥೂ ಎಂದು ಉಗುಳುತ್ತಿದ್ದರು. ಕೂಸಿದ್ದವರು ಅದರ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡುತ್ತಿದ್ದರು. ಅದರೊಳಗೆ ದೆವ್ವ ಕೂತು ಹೋಗುತ್ತದೆ, ಚಪ್ಪಲಿ ಕಂಡರೆ ಅದಕ್ಕೆ ಹೇಸಿಗೆ, ದಾರಿ ಬಿಟ್ಟು ಹೋಗುತ್ತದೆ ಎಂಬ ನಂಬಿಕೆ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಇದನ್ನು ನೋಡಿ ನಾನು ಜೋರಾಗಿ ನಕ್ಕುಬಿಟ್ಟೆ. ಬೆಳಗಾವಿಯಲ್ಲಿ ಕಾನ್ವೆಂಟ್ ಕಲಿತವಳು, ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಜಿಯಾಗ್ರಫಿಯಲ್ಲಿ ಪ್ರೈಜ್ ತೆಗೆದುಕೊಂಡವಳು. ನಗದೇ ಏನು ಮಾಡಲಿ?

ಅತ್ತೆ ತಮ್ಮ ಚಪ್ಪಲಿ ಹುಡುಕಿ ತಂದು ಮೆಟ್ಟಿಕೊಳ್ಳುತ್ತ ನನ್ನನ್ನು ನೋಡಿದರು. “ನಗು, ನಗು. ನಿನಗೇನವಾ, ನೀ ಇಂಗ್ಲಿಷ್‌ನ್ಯಾಗ ಬೈದ್ರ ಅದು ತಾನ ಓಡಿ ಹೋಗತೈತಿ.”

ಇಡೀ ಓಣಿ ನಕ್ಕಿತು, ನಾನೂ ನಕ್ಕೆ. ನನ್ನ ಪಕ್ಕದಲ್ಲಿ ನಿಂತು ಎಲ್ಲರಿಗಿಂತ ಹೆಚ್ಚು ನಕ್ಕವಳು ನನ್ನ ನಾದಿನಿ. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಏಳನೇ ಇಯತ್ತೆವರೆಗೆ ಕಲಿತು ಮನೆಯಲ್ಲಿದ್ದಳು. ಅವಳ ನಗು ಈಗಲೂ ನನ್ನ ಕಿವಿಯಲ್ಲಿದೆ. ಮುಖ ಮಾತ್ರ ಮಸುಕಾಗಿದೆ. ಇದು ಓಲ್ಡ್ ಏಜ್ ಮಾಡುವ ದೊಡ್ಡ ಅನ್ಯಾಯ, ಬೇಡವಾದದ್ದೆಲ್ಲ ಉಳಿಯುತ್ತದೆ.

ನಮ್ಮದು ಅರಿವೆ ಅಂಗಡಿಯ ಮನೆ. ಮುಂದೆ ಅಂಗಡಿ, ಹಿಂದೆ ಪಡಸಾಲೆ, ಅದರ ಹಿಂದೆ ಕತ್ತಲೆಯ ಅಡಿಗೆ ಮನೆ. ನಾದಿನಿಯನ್ನು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಗೆ ಕೊಟ್ಟರು. ಹೊಲಮನೆ ಇದ್ದ ಛಲೋ ಮಂದಿ, ಹುಡುಗನೂ ಸೌಮ್ಯ. ಸಿಂದಗಿಯಿಂದ ಬಸವನ ಬಾಗೇವಾಡಿಗೆ ಒಂದು ಬಸ್ಸು, ಅಲ್ಲಿಂದ ಮುದ್ದೇಬಿಹಾಳಕ್ಕೆ ಇನ್ನೊಂದು, ಆಮೇಲೆ ಚಕ್ಕಡಿ. ಹಬ್ಬಕ್ಕೆ ಬಂದಾಗಲೆಲ್ಲ ಅವಳ ಬಾಯಲ್ಲಿ ಗಂಡನ ಮಾತೇ. ಮೊದಲ ಸಲ ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ ಎಂದು ಸುದ್ದಿ ಬಂದಾಗ ಅತ್ತೆ ಒಂದು ದಿನ ಅತ್ತು ಸುಮ್ಮನಾದರು. ಎಷ್ಟೋ ಜನರಿಗೆ ಆಗುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ವೈಶಾಖದ ಮಧ್ಯಾಹ್ನ ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಅವಳನ್ನು ಕರೆದುಕೊಂಡು ಬಂದರು. ಬೀಗತಿ ನೀರು ಕುಡಿದರು, ಊಟ ಬೇಡವೆಂದರು. ನಾದಿನಿ ಕಂಬಕ್ಕೆ ಆತು ಕೂತಳು, ತಲೆ ಎತ್ತಲಿಲ್ಲ.

“ಎರಡನೇದೂ ಹೋತ್ರಿ ಬೀಗತಿ,” ಎಂದು ಅವರು ನಮ್ಮ ಅತ್ತೆಗೆ ಹೇಳಿದರು. “ಮೊದಲಿಂದು ಹೋದಾಗ ನಾವು ಒಂದ ಮಾತು ಅಂದಿಲ್ಲ. ಈ ಸಲ ಕಣ್ಣಾರೆ ಕಂಡೇವಿ. ಹೊಲದಾಗ ಗಳೇ ಹೊಡ್ಯಾಕತ್ತಿದ್ರು, ಇಕಿ ರೊಟ್ಟಿ ಬುಟ್ಟಿ ಹೊತ್ಕೊಂಡು ಬದುವಿನ ಮ್ಯಾಲೆ ಬರಾಕತ್ತಿದ್ಲು. ದೆವ್ವಗಾಳಿ ಇಕಿ ಮೈಮ್ಯಾಲೇ ಹಾದು ಹೋತು. ಬುಟ್ಟಿ ಹಾರಿ ಹೋಗಿ ಬಾರಿಗಿಡಕ್ಕ ಬಿತ್ತು. ವಾರ ತುಂಬೂದ್ರಾಗ ಹೊಟ್ಟ್ಯಾಗಿಂದು ಇಳೀತು. ಈಗ ನೋಡಿದ್ರ ಮೊದಲಿಂದೂ ಇದರದ ಕೆಲಸ ಅನಸತೈತಿ.”

“ಏನ ಮಾಡೂಣ್ರಿ ಮತ್ತ?” ಎಂದರು ನಮ್ಮ ಅತ್ತೆ.

“ತವರುಮನಿಯವರು ನೀವು ಬಿಡಸಬೇಕ್ರಿ. ಅದು ಆಕಿ ಬಾಯಲೇ ಮಾತಾಡಿ, ಇಂಥಲ್ಲಿ ಹಿಡದಿದ್ದೆ, ಇನ್ನ ಹೋಗತೇನಿ ಅಂತ ಅನ್ನಬೇಕು. ನಾವು ಕಿವ್ಯಾರೆ ಕೇಳಬೇಕು. ಕೇಳಿದ ದಿವಸ ಹಸಿರ ಸೀರಿ ಉಡಿಸಿ ನಾವ ಕರಕೊಂಡು ಹೋಗತೇವಿ. ಆಕಿ ಮ್ಯಾಲೆ ನಮಗೇನೂ ಸಿಟ್ಟಿಲ್ಲರಿ.”

ಆ ಕಡೆ ಅದು ರೂಢಿ. ಹಿಡಿದದ್ದು ಮಾತಾಡಿ ಹೋಯಿತೆಂದರೆ ಹೆಣ್ಣಿನ ಮೇಲೆ ಯಾವ ತಪ್ಪೂ ಉಳಿಯುವುದಿಲ್ಲ, ತಪ್ಪೆಲ್ಲ ಅದರದೇ, ಅದು ಹೋಯಿತು, ಸಂಸಾರ ಮತ್ತೆ ಶುರು. ಆಗ ನನಗೆ ಇದು ಬಾರ್ಬೇರಿಕ್ ಅನ್ನಿಸಿತು. ಆ ಪದವನ್ನೇ ರಾತ್ರಿ ನಮ್ಮ ಮನೆಯವರ ಮುಂದೆ ಅಂದೆ. ಈಗ ನೋಡಿದರೆ ಆ ಮುದುಕಿ ನಮ್ಮ ಹುಡುಗಿಗಾಗಿ ಒಂದು ಬಾಗಿಲು ತೆರೆದಿಟ್ಟು ಹೋಗಿದ್ದಳು. ಅದು ವಕ್ರ ಬಾಗಿಲು, ಬಗ್ಗಿ ಹೋಗಬೇಕಾದ ಬಾಗಿಲು. ಆದರೂ ಬಾಗಿಲು.

ನಾನು ಸಂಜೆಯ ಹೊತ್ತು ಓಣಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅಕ್ಕೋರ ಎಂದು ಕರೆಯುತ್ತ ಹತ್ತಾರು ಮಕ್ಕಳು ಪಡಸಾಲೆ ತುಂಬುತ್ತಿದ್ದರು. ನಾದಿನಿ ಬಂದ ಮೇಲೆ ಅದು ನಿಂತುಹೋಯಿತು. ದೆವ್ವಗಾಳಿ ಬಡಿದವಳ ನೆರಳು ಮಕ್ಕಳ ಮೇಲೆ ಬೀಳಬಾರದಂತೆ. ಬಾಗಿಲವರೆಗೆ ಬಂದು ಮಕ್ಕಳು ಹೊರಗೇ ನಿಲ್ಲುತ್ತಿದ್ದರು. ಒಳಗೆ ಕಂಬದ ಹತ್ತಿರ ಅವಳು ಮುಖ ಗೋಡೆಗೆ ತಿರುಗಿಸಿಕೊಂಡು ಕೂತಿರುತ್ತಿದ್ದಳು. ನಾನು ಎದುರು ಮನೆಯ ಅಕ್ಕಸಾಲಿಗರ ಹುಡುಗಿಯ ಕೈ ಹಿಡಿದು ಒಳಗೆ ಎಳೆದೆ. ಅವಳು ಭಾಳ ಬಾಯಾಳಿ, ಅವಳು ಬಂದರೆ ಉಳಿದವರೂ ಬರುತ್ತಾರೆ ಎಂದು ನನಗೆ ಗೊತ್ತಿತ್ತು.

“ಇವತ್ತ ಇಂಗ್ಲಿಷ್ ಬ್ಯಾಡ,” ಎಂದೆ. “ಇವತ್ತ ದೆವ್ವ ನೋಡೂಣ.”

ಎಲ್ಲರೂ ಬಂದರು.

“ಮಧ್ಯಾಹ್ನ ಬಿಸಲಾಗ ಬರಿಗಾಲಲೇ ನಿಂತ್ರ ಏನಾಗತೈತಿ?”

“ಅಂಗಾಲ ಸುಡತೈತ್ರಿ ಅಕ್ಕೋರ.”

“ನೆಲಕ್ಕ ತಾಗಿದ ಗಾಳೀಗೂ ಹಂಗ ಸುಡತೈತಿ. ಸುಟ್ಟ ಗಾಳಿ ಹಗುರಾಗಿ ಮ್ಯಾಲೆ ಏಳತೈತಿ. ಹಾಟ್ ಏರ್ ರೈಸಸ್. ಅನ್ರಿ ಎಲ್ಲಾರೂ.”

“ಹಾಟ್ ಏರ್ ರೈಸಸ್!”

“ಅದು ಮ್ಯಾಲೆ ಹೋತಂದ್ರ ಕೆಳಗ ಜಾಗಾ ಖಾಲಿ ಆತು. ಸುತ್ತಲಿನ ಗಾಳಿ ಆ ಜಾಗಾಕ್ಕ ಓಡಿ ಬರತೈತಿ. ನೆಟ್ಟಗ ಬರೂದಿಲ್ಲ, ಒಂದೀಟು ವಾರಿಯಾಗಿ ಬರತೈತಿ. ನೀವು ಫುಗಡಿ ಆಡೂಮುಂದ ಕೈ ಉದ್ದ ಬಿಟ್ರ ಮೆಲ್ಲಕ ತಿರಗತೀರಿ. ಒಬ್ಬರ ಹತ್ರ ಒಬ್ಬರು ಬಂದ್ರ?”

“ಜೋರ್ ಜೋರ್ ತಿರಗತೇವ್ರಿ. ತಲಿ ಗಿಮ್ಮ ಅಂತೈತಿ.”

“ಗಾಳೀನೂ ಹಂಗ. ನಡುವಿನ ಹತ್ರ ಬಂದಂಗ ಜೋರ್ ತಿರಗತೈತಿ. ಧೂಳು, ಜೋಳದ ಒಣ ರವದಿ, ಹತ್ತಿ ಎಳಿ, ಎಲ್ಲಾ ಎತ್ಕೊಂಡು ಹೋಗತೈತಿ. ಅದು ಕಣ್ಣಿಗೆ ಕಂಬದಂಗ ಕಾಣತೈತಿ. ನೆರಳಾಗ, ಹಸಿ ಹೊಲದಾಗ ಹೋತಂದ್ರ ಕೆಳಗ ಬಿಸಿ ಸಿಗೂದಿಲ್ಲ, ಸತ್ತು ಹೋಗತೈತಿ.”

ಬಾಯಾಳಿ ಹುಡುಗಿ ನಂಬಲಿಲ್ಲ. “ಖರೇನ ತೋರಸ್ರಿ.”

ಅಂಗಡಿಯಿಂದ ಸೀರೆಯ ಡಬ್ಬಿಯ ರಟ್ಟು ತಂದೆ. ತೆಳ್ಳನೆಯದನ್ನು ಆರಿಸಿ, ಹೊರ ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಕತ್ತರಿಸಿದೆ. ನಡುವೆ ದಾರ ಕಟ್ಟಿ ಎತ್ತಿದರೆ ಅದು ಹಾವಿನ ಹಾಗೆ ಸುರುಳಿಯಾಗಿ ಜೋತುಬಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಮೇಣದ ಬತ್ತಿಯ ಮೇಲೆ ಹಿಡಿದು ತೋರಿಸಿದ್ದರು. ನಾನು ಎಲ್ಲರನ್ನೂ ಅಡಿಗೆ ಮನೆಗೆ ಕರೆದುಕೊಂಡು ಹೋಗಿ ಒಲೆಯ ಕೆಂಡದ ಮೇಲೆ, ಸುಡದಷ್ಟು ಎತ್ತರದಲ್ಲಿ ಹಿಡಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಾವು ಮೆಲ್ಲಗೆ ಮೈ ತಿರುಗಿಸಿತು. ಆಮೇಲೆ ನಿಲ್ಲದೆ ತಿರುಗತೊಡಗಿತು. ಮಕ್ಕಳು ಕಿರುಚಿದರು.

“ಒಲಿ ಮುಂದ ಹಾವು ಆಡಸಾಕತ್ತಾಳ,” ಎಂದರು ಅತ್ತೆ, ರೊಟ್ಟಿಯ ಹಿಟ್ಟು ಮುಚ್ಚಿಕೊಳ್ಳುತ್ತ. “ನಾಳೆ ಪುಂಗಿ ಊದಿದ್ರೂ ಊದಿದ್ಲ.”

ತಿರುಗಿ ನೋಡಿದರೆ ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಬಂದಂದಿನಿಂದ ಮೊದಲ ಸಲ ತಾನಾಗಿ ಎದ್ದು ಬಂದಿದ್ದಳು. “ನಾ ಹಿಡೀಲಿ ವೈನಿ?” ಎಂದು ಕೇಳಿ ನನ್ನ ಕೈಯಿಂದ ದಾರ ತೆಗೆದುಕೊಂಡಳು. ಮಕ್ಕಳು ಅವಳ ಸುತ್ತ ನಿಂತಿದ್ದಾರೆ, ಯಾರೂ ಓಡಲಿಲ್ಲ. ಅದನ್ನು ನೋಡಿ ನನಗೆ ಎಷ್ಟು ಪ್ರೌಡ್ ಅನ್ನಿಸಿತೆಂದರೆ, ಈಗ ಹೇಳಲಿಕ್ಕೆ ಬಾಯಿ ಬರುವುದಿಲ್ಲ.

ಮಕ್ಕಳು ಹೋದ ಮೇಲೆ ಅವಳು ಕೆಂಡ ಆರುವವರೆಗೂ ಆ ಹಾವನ್ನು ಹಿಡಿದು ಕೂತಿದ್ದಳು.

“ವೈನಿ, ಹಂಗಾದ್ರ ಅದರೊಳಗ ಯಾರೂ ಇರೂದಿಲ್ಲೇನ್ರಿ?”

“ಯಾರೂ ಇಲ್ಲವಾ. ಧೂಳು, ರವದಿ, ಬಿಸಿ ಗಾಳಿ. ಅಷ್ಟ.”

“ಒಟ್ಟ ಯಾರೂ ಇಲ್ಲ?”

“ನೋಬಡಿ,” ಎಂದೆ ನಗುತ್ತ.

ಅವಳು ನಗಲಿಲ್ಲ. ಹಾವನ್ನು ಮಡಿಲಲ್ಲಿಟ್ಟುಕೊಂಡು ಅದರ ಸುರುಳಿಯನ್ನು ಒಂದರ ಮೇಲೊಂದು ಜೋಡಿಸಿ ಮತ್ತೆ ಗುಂಡಗಿನ ರಟ್ಟು ಮಾಡಿದಳು.

“ಮತ್ತ ನನ್ನ ಕೂಸು ಯಾರು ಒಯ್ದ್ರು?”

ನನ್ನ ಜಿಯಾಗ್ರಫಿ ಪುಸ್ತಕದಲ್ಲಿ ಅದಕ್ಕೆ ಚಾಪ್ಟರ್ ಇರಲಿಲ್ಲ. ಕೆಲವೊಮ್ಮೆ ಹಾಗಾಗುತ್ತದೆ, ಡಾಕ್ಟರಿಗೆ ತೋರಿಸೋಣ ಎಂದೇನೋ ಅಂದೆ. ನಮ್ಮ ಮನೆಯವರು ವಿಜಾಪುರಕ್ಕೆ ಕರೆದುಕೊಂಡು ಹೋದರು. ಡಾಕ್ಟರ್ ಬಾಯಿ ಎಂದು ಎಲ್ಲರೂ ಕರೆಯುವ ಹೆಂಗಸು ಡಾಕ್ಟರು ಒಳ್ಳೆಯವರು, ಮೈ ಮುಟ್ಟಿ ನೋಡಿದರು, ಟಾನಿಕ್ ಬರೆದುಕೊಟ್ಟರು, ಇಂಥದ್ದೇ ಕಾರಣ ಎಂದು ಹೇಳಲು ಬರುವುದಿಲ್ಲ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಟಾನಿಕ್ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳಂತೆ, ಒಡೆದೀತೆಂದು.

ಮಳೆಗಾಲ ಬಂತು, ಸುಂಟರಗಾಳಿ ನಿಂತವು. ಮಕ್ಕಳಿಗೆ ಮಾತ್ರ ಗಾಳಿಯ ಹುಚ್ಚು ಹಿಡಿದಿತ್ತು. ನನ್ನ ಹಳೆಯ ರೀಡರಿನಲ್ಲಿ ಟಾರ್ನೇಡೋದ ಚಿತ್ರವಿತ್ತು. ಕರಿ ಮೋಡದಿಂದ ಆನೆಯ ಸೊಂಡಿಲು ಇಳಿದು ಒಂದು ಮನೆಯನ್ನು ಮುಟ್ಟುತ್ತಿರುವ ಚಿತ್ರ.

“ಇದು ನಮ್ಮ ದೆವ್ವಗಾಳಿನ ಏನ್ರಿ?”

“ಅಲ್ಲ. ನಮ್ಮದು ನೆಲದಿಂದ ಏಳತೈತಿ, ಆಕಾಶ ಬೆಳ್ಳಗ ಇದ್ದಾಗ. ಇದು ಗುಡುಗಿನ ಮೋಡದಾಗ ಹುಟ್ಟಿ ಕೆಳಗ ಇಳೀತೈತಿ.”

ಹೇಗೆ ಎಂದು ಕೇಳಿದರೆ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ, ಬಳಿಕ ಓದಿ ತಿಳಿದುಕೊಂಡೆ. ಕೆಳಗಿನ ಗಾಳಿ ಒಂದು ಕಡೆ, ಮೇಲಿನ ಗಾಳಿ ಇನ್ನೊಂದು ಕಡೆ ಜೋರಾಗಿ ಬೀಸಿದರೆ ನಡುವಿನ ಗಾಳಿ ಲಟ್ಟಣಿಗೆಯ ಹಾಗೆ ಅಡ್ಡಡ್ಡ ಉರುಳುತ್ತದೆ. ಕೆಳಗಿನಿಂದ ಏರುವ ಬಿಸಿ ಗಾಳಿ ಆ ಲಟ್ಟಣಿಗೆಯ ನಡುವಿಗೆ ಹೊಕ್ಕು ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ನಿಂತದ್ದು ಇಕ್ಕಟ್ಟಾದಷ್ಟೂ ಜೋರಾಗುತ್ತದೆ, ಫುಗಡಿಯ ಹಾಗೆ. ಅದು ಮನೆಯ ಮೇಲೆ ಹಾದರೆ ಮನೆ ಇರುವುದಿಲ್ಲ, ಪಕ್ಕದ ಮನೆಯ ಗಡಿಗೆ ಸಹ ಅಲುಗಿರುವುದಿಲ್ಲ.

ಆ ವರ್ಷ ದೀಪಾವಳಿ ಮುಗಿಯುತ್ತಲೇ ಆಂಧ್ರದ ದಂಡೆಗೆ ದೊಡ್ಡ ಚಂಡಮಾರುತ ಬಡಿಯಿತು. ರೇಡಿಯೋದಲ್ಲಿ ಸತ್ತವರ ಸುದ್ದಿ ದಿನದಿನಕ್ಕೆ ಹೆಚ್ಚಾಗುತ್ತಿತ್ತು. ನಮ್ಮಲ್ಲೂ ಒಂದೆರಡು ದಿನ ಆಕಾಶ ಬೂದಿಯ ಹಾಗಿತ್ತು. ಅಂಗಡಿಗೆ ಬಂದವರೆಲ್ಲ ಅದೇ ಮಾತು. ಮಕ್ಕಳು ಹೆದರಿದ್ದರು.

“ಆ ಗಾಳಿ ಸಿಂದಗಿಗೆ ಬರತೈತೇನ್ರಿ ಅಕ್ಕೋರ?”

ನಾನು ಉತ್ತರ ಹೇಳುವ ಮೊದಲೇ ನಾದಿನಿ ಹೇಳಿದಳು. “ಬರೂದಿಲ್ಲ. ಅದಕ್ಕ ಬಿಸಿ ನೀರು ಬೇಕು. ನಿಮ್ಮ ಮನಿ ಹಂಡೇದಾಗ ನೀರು ಕಾದಾಗ ಉಗಿ ಏಳತೈತಲ್ಲ, ಹಂಗ ಸಮುದ್ರದಿಂದ ಏಳತೈತಿ. ಆ ಉಗಿ ಮ್ಯಾಲೆ ಹೋಗಿ ಮೋಡ ಆಗೂಮುಂದ ತನ್ನ ಬಿಸಿ ಬಿಡತೈತಿ. ಆ ಬಿಸಿ ಇನ್ನಷ್ಟು ಗಾಳೀನ ಮ್ಯಾಲೆ ಎಳೀತೈತಿ. ತನ್ನ ಬೆಂಕಿಗೆ ತಾನ ಕಟ್ಟಿಗಿ ಹಾಕ್ಕೋತೈತಿ ಅದು. ಭೂಮಿ ತಿರಗಾಕತ್ತೈತಲ್ಲ, ಅದಕ್ಕ ಓಡಿ ಬರೂ ಗಾಳಿ ಸೊಟ್ಟಾಗಿ, ಎಲ್ಲಾ ಕೂಡಿ ಚಕ್ರ ಆಗತೈತಿ. ನೆಲದ ಮ್ಯಾಲೆ ಬಂತಂದ್ರ ಉಗಿ ಇಲ್ಲ, ಕಟ್ಟಿಗಿ ಇಲ್ಲ. ನಮ್ಮ ಊರಿಗೆ ಬರೂದ್ರಾಗ ಸತ್ತು ಬರೇ ಮಳಿ ಆಗಿರತೈತಿ.”

ನಾನು ಬಾಯಿ ತೆರೆದು ಕೂತಿದ್ದೆ. ಇದೆಲ್ಲ ನಾನೇ ಹಿಂದಿನ ದಿನ ಅಡಿಗೆ ಮನೆಯಲ್ಲಿ ಹೇಳಿದ್ದು, ಹಂಡೆಯ ಹೋಲಿಕೆಯೊಂದೇ ಅವಳದು. ಆಮೇಲೆ ಅವಳು ಮಕ್ಕಳನ್ನು ಬೀಸುಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ ಮೇಲಿನ ಕಲ್ಲು ತಿರುಗಿಸಿದಳು. “ಅಂಚಿನ್ಯಾಗ ಬೆರಳ ಇಡ್ರಿ ನೋಡೂಣ. ಸೆಳೀತೈತಿ. ನಡುವಿನ ಗೂಟದ ಮ್ಯಾಲೆ ಇಡ್ರಿ. ಏನೂ ಆಗೂದಿಲ್ಲ. ಚಂಡಮಾರುತದ ನಡುವ ಹಿಂಗ ಒಂದು ಜಾಗಾ ಐತಿ. ಅದಕ್ಕ ಕಣ್ಣು ಅಂತಾರ. ಅಲ್ಲಿ ಗಾಳಿ ಇಲ್ಲ, ಮಳಿ ಇಲ್ಲ, ಸೂರ್ಯ ಸೈತ ಕಾಣತಾನ.”

ಅಕ್ಕಸಾಲಿಗರ ಹುಡುಗಿ ಬಿಡುವವಳಲ್ಲ. “ಆದ್ರ ಬೀಸುಕಲ್ಲಿನ್ಯಾಗ ಜ್ವಾಳ ನಡುವಿಂದ ಹೊರಗ ಬರತಾವಲ್ಲರಿ? ಅದರಾಗ ಹೊರಗಿಂದ ಒಳಗ ಹೋಗತೈತಿ ಅಂದ್ರಿ.”

“ಶಾಣೇಕಿ!” ಎಂದು ನಾದಿನಿ ಅವಳ ಗಲ್ಲ ಹಿಂಡಿದಳು. “ಉಲ್ಟಾ ಬೀಸುಕಲ್ಲು ಅಂತ ತಿಳಕೋ. ಕೆಳಗ ಸುತ್ತಲಿಂದ ನುಂಗತೈತಿ, ಕಣ್ಣಿನ ಸುತ್ತ ಗ್ವಾಡಿ ಕಟ್ಟಿದಂಗ ಮ್ಯಾಲೆ ಏರತೈತಿ, ತುದೀಗೆ ಹೋಗಿ ಹೊರಗ ಚಲ್ಲತೈತಿ.”

ಸಂಜೆ ದೀಪ ಹಚ್ಚುವಾಗ ಅವಳು ನನ್ನನ್ನು ಕೇಳಿದಳು. “ಕಣ್ಣು ಬಂದಾಗ ಜನಾ ಮುಗೀತು ಅಂತ ಹೊರಗ ಬರತಾರೇನ್ರಿ ವೈನಿ?”

“ಬರತಾರ. ಆಮ್ಯಾಲ ಆ ಕಡಿ ಗ್ವಾಡಿ ಬಂದು ಬಡಿತೈತಿ. ಗಾಳಿ ಈ ಸಲ ಉಲ್ಟಾ ದಿಕ್ಕಿನಿಂದ.”

“ಅವರಿಗೆ ಯಾರೂ ಹೇಳೂದಿಲ್ಲೇನು?”

ರೇಡಿಯೋದವರು ಹೇಳುತ್ತಾರೆ, ಕೇಳಬೇಕಲ್ಲ ಎಂದೆ.

ಬಸವನ ಬಾಗೇವಾಡಿಯ ಸಂತೆಗೆ ಹೋಗಿದ್ದವರ ಕೈಯಲ್ಲಿ ಮುದ್ದೇಬಿಹಾಳದಿಂದ ಸುದ್ದಿ ಬಂತು. ಇಂಡಿ ಪಟ್ಟಣದ ಆಚೆ ಒಂದು ಹಳ್ಳಿಯ ಗುಡಿಯಲ್ಲಿ ಅಮಾವಾಸ್ಯೆಗೆ ದೆವ್ವ ಬಿಡಿಸುತ್ತಾರೆ, ಬೀಗತಿಯೂ ಅಳಿಯನೂ ನೇರ ಅಲ್ಲಿಗೇ ಬರುತ್ತಾರೆ, ಇದು ಕೊನೆ, ಇನ್ನು ಕಾಯಲು ಆಗುವುದಿಲ್ಲ.

ಅತ್ತೆ ಆ ಸಂಜೆಯೇ ಅಡಿಗೆ ಮನೆಯಲ್ಲಿ ತಾಲೀಮು ಶುರು ಮಾಡಿದರು. ಸವುಟು ಹಿಡಿದು ತಾವೇ ಪೂಜಾರಿಯಾದರು.

“ಯಾರು ನೀ?”

“ಗಾಳಿ.”

“ಹಂಗಲ್ಲ, ದನಿ ಬದಲ ಮಾಡಬೇಕು. ಗಂಡಸರ ದನಿ ತಗಿ. ಎಲ್ಲಿ ಹಿಡದಿ?”

“ಬದುವಿನ ಮ್ಯಾಲೆ.”

“ಬಿಡತೀಯೋ ಇಲ್ಲೋ?”

ನಾದಿನಿ ನನ್ನ ಮುಖ ನೋಡಿದಳು. ಏನು ಹೇಳಲಿ? ಸುಳ್ಳು ಹೇಳಬಾರದೆಂದು ಮೊಣಕಾಲೂರಿ ಕಲಿತವಳು ನಾನು. ಆದರೆ ಅವಳು ಆ ಮನೆಗೆ ಹೋಗಲೇಬೇಕಿತ್ತು. ಅವಳಿಗೆ ಆ ಗಂಡ ಬೇಕಿತ್ತು, ಅದು ಕಣ್ಣಿಗೆ ಕಾಣುತ್ತಿತ್ತು. “ಡ್ರಾಮಾ ಅಂತ ತಿಳಕೋವಾ,” ಎಂದೆ. “ಕಾನ್ವೆಂಟಿನ್ಯಾಗ ಕ್ರಿಸ್‌ಮಸ್ಸಿಗೆ ನಾಟಕ ಮಾಡತಿದ್ವಿ. ನಾ ಏಂಜಲ್ ಆಗಿದ್ದೆ, ರಟ್ಟಿನ ರೆಕ್ಕಿ ಕಟ್ಕೊಂಡು. ನಾನೇನು ಏಂಜಲ್ಲಾ?”

“ಅಲ್ಲಂತ ನಾ ಹೇಳತೇನಿ,” ಎಂದರು ಅತ್ತೆ. ನಾದಿನಿ ನಕ್ಕಳು. ನಕ್ಕು, ಎದ್ದು ನಿಂತು, ಗಂಟಲು ದಪ್ಪ ಮಾಡಿ ಒಂದೇ ಸಲಕ್ಕೆ ಅಂದಳು, “ಹೋಗತೇನಿ!” ಎಷ್ಟು ಚೆನ್ನಾಗಿ ಅಂದಳೆಂದರೆ ಅಂಗಡಿಯಿಂದ ನಮ್ಮ ಮನೆಯವರು ಒಳಗೆ ಇಣುಕಿ ನೋಡಿದರು. ಆ ರಾತ್ರಿ ನಾವೆಲ್ಲ ಹೊಟ್ಟೆ ತುಂಬ ಉಂಡೆವು.

ಅಮಾವಾಸ್ಯೆಯ ದಿನ ಇಂಡಿ ಪಟ್ಟಣದವರೆಗೆ ಬಸ್ಸು, ಅಲ್ಲಿಂದ ಚಕ್ಕಡಿ. ಹೊತ್ತು ಏರುವ ಮೊದಲೇ ಮುಟ್ಟಿದೆವು. ಗುಡಿಯ ಮುಂದೆ ದೊಡ್ಡ ಬೇವಿನ ಮರ. ಅದರ ಕೆಳಗೆ ತಲೆ ಬಿಚ್ಚಿಕೊಂಡ ಹೆಂಗಸರು ಸಾಲಾಗಿ ಕೂತಿದ್ದರು. ಎಷ್ಟೊಂದು ಹೆಂಗಸರು! ಒಬ್ಬೊಬ್ಬಳ ಹಿಂದೆಯೂ ಒಬ್ಬ ಅತ್ತೆ, ಒಬ್ಬ ಗಂಡ. ನಮ್ಮ ಬೀಗತಿ ಆಗಲೇ ಬಂದಿದ್ದರು. ಅಳಿಯನ ಕಂಕುಳಲ್ಲಿ ಒಂದು ಗಂಟಿತ್ತು, ಅದರಿಂದ ಹಸಿರು ಸೀರೆಯ ಅಂಚು ಹೊರಗೆ ಬಂದಿತ್ತು. ನಾದಿನಿ ಅದನ್ನು ನೋಡಿದಳು, ಅವನೂ ಅವಳನ್ನು ನೋಡಿದ. ಇನ್ನೇನು, ಮುಗಿಯಿತು ಎಂದುಕೊಂಡೆ ನಾನು.

ಪೂಜಾರಿ ಮುದುಕ. ನಾನು ಮನಸ್ಸಿನಲ್ಲಿ ಚಾಟಿ, ಕೆಂಗಣ್ಣು ಎಲ್ಲ ಊಹಿಸಿಕೊಂಡು ಹೋಗಿದ್ದೆ. ಅವನ ಕೈಯಲ್ಲಿ ಒಂದು ಬೇವಿನ ಟೊಂಗೆ ಬಿಟ್ಟರೆ ಏನೂ ಇರಲಿಲ್ಲ. ಹೊಗೆ ಹಾಕಿ, ಹಣೆಗೆ ಅರಿಸಿನದ ಭಂಡಾರ ಹಚ್ಚಿ, ಮೆಲ್ಲಗೆ ಕೇಳಿದ.

“ಯಾರು ನೀನು?”

ಅವಳು ತಲೆ ತಗ್ಗಿಸಿದಳು.

“ಎಲ್ಲಿ ಹಿಡದಿ? ಬದುವಿನ್ಯಾಗೋ, ಹಳ್ಳದಾಗೋ?”

ಅತ್ತೆ ಹಿಂದಿನಿಂದ ಅವಳ ಬೆನ್ನು ತಿವಿದರು. ಅವಳು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಪೂಜಾರಿ ಇನ್ನೂ ಹತ್ತಿರ ಬಗ್ಗಿ, ನಮಗೆ ಮಾತ್ರ ಕೇಳುವ ಹಾಗೆ ಅಂದ, “ಒಂದ ಮಾತು ಹೇಳು ನನ್ನವ್ವ. ನನಗ ಬ್ಯಾಡ, ನಿನ್ನ ಸಂಸಾರಕ್ಕ ಹೇಳು.”

ಅವಳು ತಲೆ ಎತ್ತಿದಳು. ತನ್ನದೇ ದನಿಯಲ್ಲಿ, ಮಕ್ಕಳಿಗೆ ಹೇಳುವಾಗಿನ ದನಿಯಲ್ಲಿ ಹೇಳಿದಳು. “ಅದರಾಗ ಯಾರೂ ಇರಲಿಲ್ಲರಿ ಅಜ್ಜಾರ. ನಾ ಅದರ ನಡುವ ನಿಂತಿದ್ದೆ. ಬಿಸಿ ಗಾಳಿ ಮ್ಯಾಲೆ ಏಳತೈತಿ, ಧೂಳು ಎತ್ತತೈತಿ, ಅಷ್ಟರಿ. ಯಾರರ ಇದ್ದಿದ್ರ, ನನ್ನ ಕೂಸು ಅವರ ಹತ್ರ ಐತಿ ಅಂತರ ತಿಳಕೋತಿದ್ದೆ.”

ಪೂಜಾರಿ ಟೊಂಗೆಯನ್ನು ಕೆಳಗಿಟ್ಟು ಮುಂದಿನವಳ ಹತ್ತಿರ ಹೋದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ.

ಬೀಗತಿ ಎದ್ದು ನಿಂತರು. ನಾನು ಓಡಿ ಹೋಗಿ ಅವರ ಕೈ ಹಿಡಿದೆ. ಡಾಕ್ಟರ್ ಬಾಯಿ ಹೇಳಿದ್ದು, ಎರಡು ಸಲ ಹೋದವರಿಗೆ ಮೂರನೆಯದು ನಿಲ್ಲುವುದಿಲ್ಲವೆಂದೇನೂ ಇಲ್ಲ ಎನ್ನುವುದು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅರ್ಧ ಇಂಗ್ಲಿಷಿನಲ್ಲಿ ಹೇಳಿದೆನೋ ಏನೋ.

“ನೀವು ಶಾಣ್ಯಾರದೀರಿ,” ಎಂದರು ಅವರು. “ಗಾಳಿ ಇದ್ರ ಬಿಡಸಬೌದಿತ್ತು. ಗಾಳಿ ಇಲ್ಲಂದ್ರ ಇಕಿ ಹೊಟ್ಟೀನ ಹಂತಾದ್ದು ಅಂದಂಗಾತು. ಹೊಟ್ಟಿ ಬಿಡಸಾಕ ಬರತೈತೇನ್ರಿ?”

ನಾನು ಹೇಳಿಕೊಟ್ಟದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಬೀಗತಿಯ ಲೆಕ್ಕದಲ್ಲೂ ತಪ್ಪಿರಲಿಲ್ಲ. ದೆವ್ವವನ್ನು ತೆಗೆದಮೇಲೆ ಆ ಜಾಗ ಖಾಲಿ ಉಳಿಯಲಿಲ್ಲ. ಸುತ್ತಲಿನದೆಲ್ಲ ಓಡಿ ಬಂದು ಅವಳ ಮೇಲೆ ಬಿತ್ತು.

ವಾಪಸು ಬರುವ ಬಸ್ಸಿನಲ್ಲಿ ಕೇಳಿದೆ. “ಯಾಕವಾ ಹಂಗ ಮಾಡಿದಿ? ಮನ್ಯಾಗ ಅಷ್ಟು ಛಲೋ ಅಂದಿದ್ದಿ.”

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. “ಅನಬೇಕಂತ ಬಾಯಿ ತಗದೇರಿ ವೈನಿ. ಹೋಗತೇನಿ ಅಂದ್ರ ನನ್ನ ಕೂಸಿನ್ನ ನಾನ ಕಳಿಸಿಕೊಟ್ಟಂಗ ಅನಿಸ್ತು.”

ಯಾರೂ ಇಲ್ಲವೆಂದು ಜನರ ಮುಂದೆ ಹೇಳಿದವಳೂ ಅವಳೇ, ಇದನ್ನು ಹೇಳಿದವಳೂ ಅವಳೇ. ನಾನು ತಿದ್ದಲು ಹೋಗಲಿಲ್ಲ.

ಸಂಕ್ರಾಂತಿಯ ನಂತರ ಹುಡುಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಯಿತೆಂದು ಕೇಳಿದೆವು ನಿಜ, ನಮ್ಮ ಮನೆಗೆ ಯಾರೂ ಹೇಳಿ ಕಳಿಸಲಿಲ್ಲ. ಅವಳ ಟ್ರಂಕು ಕೊಡುತ್ತೇವೆ, ಬಸವನ ಬಾಗೇವಾಡಿಗೆ ಬನ್ನಿ ಎಂದಷ್ಟೇ ಸುದ್ದಿ. ಅವರಿಗೂ ನಮಗೂ ಅದು ನಡು ದಾರಿ. ನಾನೂ ನಮ್ಮ ಮನೆಯವರೂ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಚೀಲಗಳ ನಡುವೆ ಅಳಿಯ ತಾನೇ ಟ್ರಂಕಿನ ಮೇಲೆ ಕೂತಿದ್ದ. ಆಳಿನ ಕೈಯಲ್ಲಿ ಕಳಿಸಬಹುದಿತ್ತು, ಕಳಿಸಿರಲಿಲ್ಲ. ಚಹಾ ತರಿಸಿದ. ನಾವು ಮೂವರೂ ನಿಂತೇ ಕುಡಿದೆವು. ಬಸ್ಸು ಬಂದಾಗ ಟ್ರಂಕನ್ನು ತಾನೇ ಮೇಲೇರಿಸಿ, ಇಳಿದು ನನ್ನ ಮುಂದೆ ನಿಂತ.

“ಒಂದ ಮಾತು ಅಂದಿದ್ರ ಸಾಕಾಗಿತ್ತರಿ ವೈನಿ. ಸುಳ್ಳರ ಆಗಲಿ. ಸುಳ್ಳು ಅಂತ ನನಗೂ ಗೊತ್ತಿತ್ತು.”

ಬಸ್ಸು ಹೊರಟಿತು.

ಟ್ರಂಕನ್ನು ಮನೆಯಲ್ಲಿ ನಾದಿನಿಯೇ ತೆಗೆದಳು. ಮೇಲೆಯೇ ಹಸಿರು ಸೀರೆ ಇತ್ತು, ಮಡಿಕೆ ಬಿಚ್ಚಿರಲಿಲ್ಲ. ಅದು ಅವಳದಲ್ಲ, ಅವಳಿಗೆ ಉಡಿಸಲೇ ಇಲ್ಲ, ಆದರೂ ಅವನು ಇಟ್ಟಿದ್ದ. ತಳದಲ್ಲಿ ಅವಳು ಹೊಲಿದ ಕುಂಚಿಗೆ, ಕೂಸಿನ ತಲೆಯಿಂದ ಬೆನ್ನಿಗೆ ಇಳಿಬಿಡುವಂಥದ್ದು, ಅಂಚಿಗೆ ನಮ್ಮ ಅಂಗಡಿಯದೇ ಕೆಂಪು ಖಣದ ಪಟ್ಟಿ. ಅವಳು ಎರಡನ್ನೂ ನೋಡಿ ಇದ್ದ ಹಾಗೆಯೇ ಇಟ್ಟು ಮುಚ್ಚಿದಳು. ಅಳಲಿಲ್ಲ. ಸಂಜೆ ಮಕ್ಕಳು ಬಂದಾಗ ಪಾಠಕ್ಕೆ ಕೂತಳು ಸಹ. ಆದರೆ ಯಾವುದಾದರೂ ಹುಡುಗಿ ಗಾಳಿಯ ಮಾತು ತೆಗೆದರೆ, “ವೈನೀನ ಕೇಳ್ರಿ,” ಎಂದು ಎದ್ದು ಹೋಗುತ್ತಿದ್ದಳು.

ಮತ್ತೆ ವೈಶಾಖ ಬಂತು. ಒಂದು ಮಧ್ಯಾಹ್ನ ಬಯಲಿನ ಕಡೆಯಿಂದ ಸುಂಟರಗಾಳಿ ಎದ್ದು ನಮ್ಮ ಓಣಿಗೆ ಹೊಕ್ಕಿತು. ದೊಡ್ಡದು, ಮಾಳಿಗೆಗಿಂತ ಎತ್ತರ, ರವದಿಯನ್ನೂ ಕಾಗದವನ್ನೂ ಎತ್ತಿಕೊಂಡು ಬರುತ್ತಿತ್ತು. ಹೆಂಗಸರು ಕೂಗುತ್ತ ಚಪ್ಪಲಿ ಎಸೆದರು. ಅತ್ತೆಯೂ ಎಸೆದರು. ನನ್ನ ಪಕ್ಕದಿಂದ ನಾದಿನಿ ಹೊಸ್ತಿಲು ಇಳಿದದ್ದು ನನಗೆ ಗೊತ್ತೇ ಆಗಲಿಲ್ಲ. ನೋಡಿದರೆ ಅವಳು ಓಣಿಯ ನಡುವೆ ಅದಕ್ಕೆ ಎದುರಾಗಿ ನಡೆಯುತ್ತಿದ್ದಳು. ಯಾರದೋ ಚಪ್ಪಲಿ ಅವಳ ಹೆಗಲಿಗೆ ಬಡಿಯಿತು. ನಿಲ್ಲಲಿಲ್ಲ. ಎರಡೂ ಕೈ ಮುಂದೆ ಚಾಚಿ, ಯಾರಾದರೂ ಕೂಸನ್ನು ಕೊಡುವಾಗ ಇಸಿದುಕೊಳ್ಳುವ ಹಾಗೆ ಹಿಡಿದು, ಒಳಗೆ ಹೋದಳು.

ಧೂಳಿನಲ್ಲಿ ಅವಳು ಕಾಣಲಿಲ್ಲ. ಸೀರೆಯ ಸೆರಗು ಒಮ್ಮೆ ಮೇಲೆ ಹಾರಿದ್ದು ಕಂಡಿತು. ಆಮೇಲೆ ಗಾಳಿ ಮುಂದೆ ಸರಿದು, ಹುಣಸೆ ಮರದ ನೆರಳಿಗೆ ಹೋಗಿ, ನಾನು ಮಕ್ಕಳಿಗೆ ಹೇಳಿದ ಹಾಗೆಯೇ ಸತ್ತಿತು. ರವದಿ ಸುಮ್ಮನೆ ನೆಲಕ್ಕಿಳಿಯಿತು.

ಅವಳು ತಿರುಗಿ ಬಂದಳು. ಕೂದಲು, ರೆಪ್ಪೆ, ತುಟಿ ಎಲ್ಲ ಬೂದು. ಕೈಗಳನ್ನು ಇನ್ನೂ ಇಳಿಸಿರಲಿಲ್ಲ.

“ಹೌದ್ರಿ ವೈನಿ,” ಎಂದಳು. “ಯಾರೂ ಇಲ್ಲ.”

ನಾನು ಅವಳಿಗೆ ಸ್ನಾನ ಮಾಡಿಸಿದೆ. ತಲೆಯೊಳಗಿನ ಮಣ್ಣು ಎಷ್ಟು ತೊಳೆದರೂ ಹೋಗಲಿಲ್ಲ. ಅತ್ತೆ ಬೈಯಲಿಲ್ಲ, ಬಿಸಿ ನೀರು ತಂದು ತಂದು ಸುರಿದರು.

ಮರುದಿನ ಊಟವಾದ ಮೇಲೆ ಅಡಿಗೆ ಮನೆಯಿಂದ ಹೊರಗೆ ಬಂದೆ. ಅವಳು ಹೊಸ್ತಿಲ ಮೇಲೆ ಕೂತಿದ್ದಳು, ಬಯಲಿನ ಕಡೆ ಮುಖ ಮಾಡಿ, ಬರಿಗಾಲಲ್ಲಿ. ಒಳಗೆ ಬಾ ಎಂದೆ. ಬರತೇನ್ರಿ ಎಂದಳು, ಏಳಲಿಲ್ಲ. ಆ ಬೇಸಿಗೆ ಮುಗಿಯುವವರೆಗೂ, ಅದರ ಮುಂದಿನ ಬೇಸಿಗೆಗಳಲ್ಲೂ, ಹೊತ್ತು ನೆತ್ತಿಗೆ ಬಂತೆಂದರೆ ಅವಳ ಜಾಗ ಅದೇ.